ಹನ್ನೊಂದು ಗಂಟೆ ನಲವತ್ತೆರಡು ನಿಮಿಷ

ಮಹಾನಂದಾ ಸರ್ವರ್‌ಗೆ ಕೈ ಹಚ್ಚುವ ಮುಂಚೆ ನೋಟ್‌ಬುಕ್ ತೆರೆಯುತ್ತಿದ್ದಳು. ಎಡಗಡೆಯ ಪುಟಕ್ಕೆ ‘ಮಾಡಿದ್ದು’ ಎಂದು ಹೆಸರು, ಬಲಗಡೆಯ ಪುಟಕ್ಕೆ ‘ನೋಡಿದ್ದು’ ಎಂದು. ಅನಿಸಿದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಅನಿಸಿದ್ದನ್ನೆಲ್ಲ ಬರೆಯುತ್ತ ಹೋದರೆ ತನಗೆ ಎಷ್ಟು ನೋಟ್‌ಬುಕ್ ಇದ್ದರೂ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳು ಕೆಲಸ ಮಾಡುತ್ತಿದ್ದುದು ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ. ಮುಖ್ಯ ಕಚೇರಿ ಆಳಂದದಲ್ಲಿ, ಶಾಖೆಗಳು ಅಫಜಲಪೂರ ಮತ್ತು ಜೇವರ್ಗಿಯಲ್ಲಿ. ಆಳಂದದ ಕಟ್ಟಡದ ಹಿಂಬದಿಗೆ, ಮೊದಲು ಹಳೆಯ ಕುರ್ಚಿ ಒಟ್ಟುತ್ತಿದ್ದ ಕೋಣೆಯೊಂದರಲ್ಲಿ ಎ.ಸಿ. ಹಾಕಿ ಸರ್ವರ್ ಇಟ್ಟಿದ್ದರು. ಮೂರೂ ಊರಿನ ಹನ್ನೊಂದು ಕಂಪ್ಯೂಟರ್‌ಗಳು ಬೆಳಿಗ್ಗೆ ಆನ್ ಆದೊಡನೆ ಈ ಸರ್ವರ್‌ನ ಅಪ್ಪಣೆ ಕೇಳಬೇಕು. ಅದು ಕೊಟ್ಟರೆ ಮಾತ್ರ ರಿಪೋರ್ಟ್‌ಗಳಿರುವ ಫೋಲ್ಡರ್ ತೆರೆಯುತ್ತದೆ. ಫೋಲ್ಡರ್ ತೆರೆದರೆ ಆಳಂದದ ಡಾಕ್ಟರು ಅಲ್ಲಿಂದಲೇ ರಿಪೋರ್ಟ್ ನೋಡಿ ಸಹಿ ಹಾಕುತ್ತಾರೆ, ಜೇವರ್ಗಿಯಲ್ಲೋ ಅಫಜಲಪೂರದಲ್ಲೋ ಕಾಗದ ಹೊರಬರುತ್ತದೆ. ಈ ವ್ಯವಸ್ಥೆಯನ್ನು ನೋಡಿಕೊಳ್ಳಲು ಇದ್ದವಳು ಮಹಾನಂದಾ ಒಬ್ಬಳೇ. ವರ್ಷವರ್ಷಕ್ಕೆ ಬರೆಯುವ ಗುತ್ತಿಗೆ, ಇದು ಎರಡನೆಯದು. ಅದು ಮುಗಿಯಲು ಹದಿನೆಂಟು ದಿನ ಉಳಿದಿದ್ದವು.

ಭಾನುವಾರ ಆಳಂದದ ಲ್ಯಾಬು ಅರ್ಧ ದಿನ, ಶಾಖೆಗಳಿಗೆ ರಜೆ. ಎಲ್ಲರೂ ಹೋದ ಮೇಲೆ ಅವಳು ಸರ್ವರ್‌ಗೆ ಆ ತಿಂಗಳ ಅಪ್‌ಡೇಟ್ ಹಾಕಿದಳು. ಮೂರು ಸಲ ಪರೀಕ್ಷಿಸಿದಳು. ‘ನೋಡಿದ್ದು’ ಪುಟದಲ್ಲಿ ‘ಎಲ್ಲ ಸರಿ’ ಎಂದು ಬರೆದು, ಸ್ವಲ್ಪ ಯೋಚಿಸಿ, ‘ಎಲ್ಲ’ ಎಂಬುದನ್ನು ಹೊಡೆದುಹಾಕಿ ‘ಆಳಂದದಲ್ಲಿ’ ಎಂದು ತಿದ್ದಿದಳು.

ಸೋಮವಾರ ಬೆಳಿಗ್ಗೆ ಜೇವರ್ಗಿಯಿಂದ ಫೋನ್ ಬಂತು. ಮಾತಾಡಿದವಳು ಅಲ್ಲಿಯ ಟೆಕ್ನಿಷಿಯನ್ ಫರಹೀನ.

“ಅಕ್ಕಾ, ಫೋಲ್ಡರ್ ತೆರೀವಲ್ದ್ರಿ. ಇಂಗ್ಲಿಷಿನಾಗ ಏನೋ ಬೈಯಾಕತ್ತದ.”

“ಏನಂತ ಬೈತದ, ಓದು.”

“ನಿನಗ ಒಳಗ ಬಿಡಂಗಿಲ್ಲ ಅಂತದ. ನಮ್ಮ ಅತ್ತಿಗಿ ಇದರಕಿಂತ ಚಂದ ಹೇಳ್ತಾಳ ಬಿಡ್ರಿ.”

“ಮೂರೂ ಕಂಪ್ಯೂಟರಿಗಿ ಹಂಗೇ ಆಗ್ಯದೇನು?”

“ಮೂರಕ್ಕೂ. ಒಂದರಕಿಂತ ಒಂದು ಶಾಣೇ ಅವ.”

ಮಹಾನಂದಾ ಆಫ್ ಮಾಡಿ ಆನ್ ಮಾಡಿಸಿದಳು. ವಾಯರ್ ಕಿತ್ತು ಮತ್ತೆ ಚುಚ್ಚಿಸಿದಳು. ಇಂಟರ್ನೆಟ್ ಡಬ್ಬಿಯ ಮೇಲೆ ಎಷ್ಟು ದೀಪ ಹೊತ್ತಿವೆ, ಯಾವ ಬಣ್ಣದವು ಎಂದು ಕೇಳಿ ಬರೆದುಕೊಂಡಳು. ಆಳಂದದಿಂದಲೇ ನೆಟ್‌ವರ್ಕಿನಲ್ಲಿ ಜೇವರ್ಗಿಯ ಯಂತ್ರಗಳನ್ನು ಕೂಗಿ ನೋಡಿದಳು. ಕೂಗಿದರೆ ಮೂರೂ ‘ಓ’ ಅನ್ನುತ್ತಿದ್ದವು. ದಾರಿ ಇತ್ತು, ಹೆಸರು ಹಿಡಿದು ಕರೆದರೂ ಗುರುತು ಹತ್ತುತ್ತಿತ್ತು, ಅಪ್ಪಣೆ ಮಾತ್ರ ಸಿಗುತ್ತಿರಲಿಲ್ಲ. ಇಲ್ಲಿಂದಲೇ ಆ ಪರದೆ ತೆರೆದು ನೋಡೋಣವೆಂದರೆ ಅದಕ್ಕೂ ಇದೇ ಅಪ್ಪಣೆ ಬೇಕು.

“ಬೈಗುಳದ್ದೊಂದು ಫೋಟೋ ತೆಗೆದು ಕಳಿಸು,” ಎಂದಳು. “ಪೂರಾ ಪರದೆ ಬರಬೇಕು. ಟೈಮ್ ಕಾಣಬೇಕು.”

ಫೋಟೋ ಬಂತು. ಪರದೆಯ ಕೆಳಮೂಲೆಯಲ್ಲಿ 11:42 ಎಂದಿತ್ತು. ಅವಳು ‘ನೋಡಿದ್ದು’ ಪುಟದಲ್ಲಿ ‘ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಅಪ್ಪಣೆ ಇಲ್ಲ’ ಎಂದು ಬರೆದುಕೊಂಡಳು.

ಸರ್ವರ್ ತನ್ನ ಬಾಗಿಲಿಗೆ ಬಂದವರ ದಾಖಲೆ ಇಡುತ್ತದೆ. ಯಾರು ಬಂದರು, ಎಷ್ಟು ಗಂಟೆಗೆ ಬಂದರು, ಒಳಗೆ ಬಿಟ್ಟೆನೋ ಇಲ್ಲವೋ, ಬಿಡದಿದ್ದರೆ ಯಾಕೆ. ಗಂಟೆಗೆ ಸಾವಿರಾರು ಸಾಲು. ಒಂದೊಂದೇ ಓದುತ್ತ ಕೂತರೆ ಕಣ್ಣು ಹೋಗುತ್ತವೆ. ಅದಕ್ಕೇ ಅವಳು ಯಾವಾಗಲೂ ನಿಖರವಾದ ನಿಮಿಷ ಕೇಳುತ್ತಿದ್ದಳು. ಮಧ್ಯಾಹ್ನ ಬಿಡುವಾದಾಗ ಹನ್ನೊಂದು ನಲವತ್ತರಿಂದ ನಲವತ್ನಾಲ್ಕರವರೆಗಿನ ಸಾಲುಗಳನ್ನು ತೆಗೆದು ನೋಡಿದಳು. ಆಳಂದದವರು ಬಂದಿದ್ದರು, ಅಫಜಲಪೂರದವರು ಬಂದಿದ್ದರು. ಜೇವರ್ಗಿಯ ಹೆಸರೇ ಇರಲಿಲ್ಲ.

ಅಂದರೆ ಜೇವರ್ಗಿಯವರ ಕೋರಿಕೆ ಸರ್ವರ್‌ವರೆಗೆ ಬಂದೇ ಇಲ್ಲ. ನಡುದಾರಿಯಲ್ಲೇ ಎಲ್ಲೋ ಕಳೆದುಹೋಗುತ್ತಿದೆ. ಅವಳು ಹಾಗೆ ತಿಳಿದಳು. ಹಾಗೆ ತಿಳಿಯಲು ಕಾರಣವೂ ಇತ್ತು.

ಸೋಮವಾರ, ಮಂಗಳವಾರ ಎರಡೂ ದಿನ ಅವಳು ಆ ನಡುದಾರಿಯನ್ನೇ ಹುಡುಕಿದಳು. ಇಂಟರ್ನೆಟ್ಟಿನವರೊಂದಿಗೆ ಜಗಳವಾಡಿದಳು. ಅವರು ಬಂದು ಕಂಬ ಹತ್ತಿ ನೋಡಿ, ನಮ್ಮ ಕಡೆ ಏನೂ ಇಲ್ಲ ಎಂದು ಇಳಿದರು. ಫರಹೀನಳಿಗೆ ಫೋನಿನಲ್ಲಿ ಹೇಳುತ್ತ ಹೇಳುತ್ತ ಇಂಟರ್ನೆಟ್ ಡಬ್ಬಿಯನ್ನೇ ಬದಲು ಮಾಡಿಸಿದಳು. ಪ್ರತಿ ಸಲ ಎಷ್ಟು ಗಂಟೆ ಎಂದು ಕೇಳುವಳು, ಫರಹೀನ ಪರದೆಯ ಮೂಲೆ ನೋಡಿ ಹೇಳುವಳು, ಮಹಾನಂದಾ ಅದನ್ನು ಬರೆದುಕೊಂಡು, ಸಂಜೆ ಆ ನಿಮಿಷಕ್ಕೆ ಹೋಗಿ ಹುಡುಕುವಳು. ಪ್ರತಿ ಸಲವೂ ಆ ನಿಮಿಷದಲ್ಲಿ ಜೇವರ್ಗಿಯ ಹೆಸರಿಲ್ಲ.

ಅಷ್ಟರಲ್ಲಿ ಜೇವರ್ಗಿಯಲ್ಲಿ ರಿಪೋರ್ಟ್ ಕೈಯಲ್ಲಿ ಬರೆದು, ಫೋಟೋ ತೆಗೆದು, ವಾಟ್ಸಾಪಿನಲ್ಲಿ ಡಾಕ್ಟರಿಗೆ ಕಳಿಸುವುದು ಶುರುವಾಗಿತ್ತು. ಒಬ್ಬರ ಸಕ್ಕರೆ ಇನ್ನೊಬ್ಬರ ಹೆಸರಿಗೆ ಹೋಗಿ, ನೆಲೋಗಿಯ ಒಬ್ಬ ಮುದುಕ ಎರಡು ದಿನ ಚಹಾ ಬಿಟ್ಟಿದ್ದ. ಆಮೇಲೆ ಗೊತ್ತಾಗಿ ಬಂದು ಕೌಂಟರಿನಲ್ಲಿ ನಿಂತು ಎರಡು ದಿನದ ಚಹಾ ಕೇಳಿದನಂತೆ.

ಬುಧವಾರ ಹತ್ತು ಗಂಟೆಗೆ ಮ್ಯಾನೇಜರ್ ಶಿವಪ್ರಕಾಶ ಅವಳನ್ನು ಕರೆದಿದ್ದರು. ಕರೆ ಇದ್ದ ದಿನ ಮಹಾನಂದಾ ಯಾವಾಗಲೂ ಹೊತ್ತಿಗೆ ಮುಂಚೆ ಹೋಗುವವಳು. ಅಂದೂ ಹಾಗೆಯೇ ಹೋದಳು. ಶಿವಪ್ರಕಾಶ ತಲೆ ಎತ್ತಿ ಗೋಡೆಯ ಮೇಲಿನ ಗಡಿಯಾರ ನೋಡಿದರು. ಹತ್ತಾಗಿ ಐದು ನಿಮಿಷವಾಗಿತ್ತು.

“ಹತ್ತಕ್ಕ ಬರ್ರಿ ಅಂದಿದ್ದೆ.”

“ತಪ್ಪಾತ್ರಿ ಸರ್,” ಎಂದಳು ಅವಳು. ತಪ್ಪಾಯಿತು ಎನ್ನುವುದು ಅವಳಿಗೆ ರೂಢಿಯಾಗಿತ್ತು.

ಶಿವಪ್ರಕಾಶ ಕೆಟ್ಟ ಮನುಷ್ಯರಲ್ಲ. ಔಷಧಿ ಅಂಗಡಿ ನಡೆಸಿ, ಆಮೇಲೆ ಲ್ಯಾಬು ಸೇರಿ, ಮೂರು ಶಾಖೆ ಆಗುವವರೆಗೆ ಓಡಾಡಿದವರು. ಕಂಪ್ಯೂಟರ್ ಅವರಿಗೆ ಬರುತ್ತಿರಲಿಲ್ಲ. ಬರುವುದಿಲ್ಲವೆಂದು ಒಪ್ಪುವುದು ಅದಕ್ಕಿಂತ ಕಡಿಮೆ ಬರುತ್ತಿತ್ತು.

“ಐತವಾರ ನೀವು ಸರ್ವರಿಗಿ ಏನೋ ಹಾಕೀರಿ. ಸೋಮವಾರ ಜೇವರ್ಗಿ ಬಂದ್ ಬಿತ್ತು. ನಾ ಓದಿದಾವ ಅಲ್ಲ, ಖರೆ. ಆದ್ರ ಇಷ್ಟು ಲೆಕ್ಕ ನನಗೂ ಬರ್ತದ.”

“ಅಫಜಲಪೂರ ನಡೀಲಾಕತ್ತದಲ್ರಿ ಸರ್. ಅಪ್‌ಡೇಟಿನಿಂದ ಆಗಿದ್ರ ಅದೂ ನಿಲ್ಬೇಕಿತ್ತು.”

“ಅಫಜಲಪೂರದಾಗ ನಮ್ಮ ಟೆಕ್ನಿಷಿಯನ್ ಕಲ್ಲಿನಾಥ ಇದ್ದಾನ. ಅಂವ ಇರೂತನ ಅಲ್ಲಿ ಏನೂ ನಿಲ್ಲಂಗಿಲ್ಲ.” ಮ್ಯಾನೇಜರ್ ಒಂದು ಕಾಗದ ಮುಂದೆ ಸರಿಸಿದರು. ಕಲಬುರಗಿಯ ಯಾವುದೋ ಕಂಪನಿಯದು. ಸರ್ವರ್ ತೆಗೆದು, ಎಲ್ಲವನ್ನೂ ಹೊಸದಾಗಿ ಮಾಡಿ, ಕಲಬುರಗಿಯಲ್ಲೇ ಕೂತು ನೋಡಿಕೊಳ್ಳುತ್ತೇವೆ ಎಂದು ಬರೆದಿದ್ದರು. “ಇವ್ರಿಗಿ ಹೂಂ ಅಂದ್ರ ನಿಮ್ಮ ಕೆಲಸ ಇರಂಗಿಲ್ಲ. ಸುಮ್ಮ ಮುಚ್ಚಿಟ್ಟು ಹೇಳೂದು ನನಗ ಬರಂಗಿಲ್ಲ, ಅದಕ್ಕ ಬಾಯಿಲೇ ಹೇಳಾಕತ್ತೇನಿ. ಶುಕ್ರವಾರ ಸಂಜಿ ಐದರತನ ಟೈಮ್ ಕೊಟ್ಟೇನಿ. ಐದಕ್ಕ ಜೇವರ್ಗಿ ಚಾಲೂ ಇದ್ರ ನೀವು ಇರ್ರಿ. ಇಲ್ಲಾಂದ್ರ ನಾ ಅವ್ರಿಗಿ ಮೆಸೇಜ್ ಹಾಕ್ತೇನಿ.”

“ಹೌದ್ರಿ.”

“ಮತ್ತ, ಯಾರ ತಪ್ಪು ಅಂಬೂದು ನನಗ ಕಾಗದದಾಗ ಬೇಕು. ಹೆಸರ ಸಮೇತ.”

ಗುರುವಾರ ಅವಳು ಸರ್ವರ್‌ನಿಂದ ಭಾನುವಾರದ ಅಪ್‌ಡೇಟ್ ತೆಗೆದಳು. ಜೇವರ್ಗಿ ಹಾಗೆಯೇ ಇತ್ತು. ಮತ್ತೆ ಹಾಕಿದಳು. ಹಾಗೆಯೇ ಇತ್ತು. ಅಪ್‌ಡೇಟಿನದಲ್ಲ ಎಂಬುದು ಇದರಿಂದ ಖಾತ್ರಿಯಾಯಿತು. ಆದರೆ ಅದನ್ನು ನಂಬುವವಳು ಅವಳೊಬ್ಬಳೇ ಇದ್ದಳು.

ಶುಕ್ರವಾರ ಬೆಳಿಗ್ಗೆ, ನಿಂಬರ್ಗಾದ ಮನೆಯಲ್ಲಿ, ರೊಟ್ಟಿ ಕಟ್ಟಿಕೊಡುತ್ತ ತಾಯಿ ಸುಭದ್ರಾಬಾಯಿ ಅಡುಗೆ ಮನೆಯಿಂದಲೇ ಕೂಗಿದಳು.

“ಏ ನಂದಾ, ಎಂಟು ಆಗಾಕ ಬಂತಬೇ! ಬಸ್ಸು ಹೋಗ್ತದ!”

ಮಹಾನಂದಾ ಅವಸರ ಮಾಡಲಿಲ್ಲ. ಅಡುಗೆ ಮನೆಯ ಗಡಿಯಾರ ಕಾಲು ಗಂಟೆ ಮುಂದೆ. ಅವಳ ಅಪ್ಪ ಇದ್ದಾಗಿನಿಂದಲೂ ಕಾಲು ಗಂಟೆ ಮುಂದೆ. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಗಡಿಯಾರ ನೋಡಿದೊಡನೆ ಹದಿನೈದು ಕಳೆದೇ ವೇಳೆ ಹೇಳುತ್ತಾರೆ. ಕಳೆಯುತ್ತಿದ್ದೇವೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಅವಳು ಸಾವಕಾಶ ತಲೆ ಬಾಚಿಕೊಂಡಳು, ಬಸ್ಸೂ ಸಿಕ್ಕಿತು.

ಬೆಳಗಿನಿಂದ ಮಧ್ಯಾಹ್ನ ಹನ್ನೆರಡೂವರೆಯವರೆಗೆ ಆಳಂದದಲ್ಲಿ ಕೂತು, ಫೋನಿನ ಮೇಲೆ ಇನ್ನು ಮಾಡುವುದು ಏನೂ ಉಳಿದಿಲ್ಲ ಎಂದು ತೀರ್ಮಾನಿಸಿ ಜೇವರ್ಗಿಗೆ ಹೊರಟಳು. ಮೊದಲೇ ಹೋಗಬೇಕಿತ್ತು. ಆದರೆ ಸರ್ವರ್ ಬಿಟ್ಟು ಹೋದರೆ ಆಳಂದದಲ್ಲಿ ಮತ್ತೇನಾದರೂ ಆದೀತೆಂಬ ಹೆದರಿಕೆ ಅವಳನ್ನು ನಾಲ್ಕು ದಿನ ಕುರ್ಚಿಗೆ ಕಟ್ಟಿ ಹಾಕಿತ್ತು. ಕಲಬುರಗಿಯಲ್ಲಿ ಬಸ್ಸು ಬದಲಿಸಿದಳು. ಜೇವರ್ಗಿ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಮಾಡಲು ಬೇರೆ ಕೆಲಸವಿಲ್ಲದೆ ಅವಳು ಫೋನಿನಲ್ಲಿ ಫರಹೀನ ಕಳಿಸಿದ್ದ ಫೋಟೋಗಳನ್ನು ಮೊದಲಿನಿಂದ ನೋಡುತ್ತ ಬಂದಳು. ಸೋಮವಾರದ ಮೊದಲನೆಯ ಫೋಟೋ. ಬೈಗುಳ, ಅದರ ಕೆಳಗೆ ಮೂಲೆಯಲ್ಲಿ 11:42. ಫೋಟೋದ ಕೆಳಗೆ, ಸಣ್ಣ ಅಕ್ಷರದಲ್ಲಿ, ಅದು ತನಗೆ ತಲುಪಿದ ವೇಳೆ.

11:33.

ಬಸ್ಸು ಕಟ್ಟಿಸಂಗಾವಿಯ ಸೇತುವೆ ಹತ್ತುತ್ತಿತ್ತು. ಕೆಳಗೆ ಭೀಮಾ, ನಡುವೆ ಮರಳಿನ ದಿಣ್ಣೆಗಳು. ಮಹಾನಂದಾ ಫೋನನ್ನು ಕಣ್ಣಿನ ಹತ್ತಿರ ತಂದಳು. ಹನ್ನೊಂದು ನಲವತ್ತೆರಡಕ್ಕೆ ತೆಗೆದ ಫೋಟೋ ಹನ್ನೊಂದು ಮೂವತ್ತಮೂರಕ್ಕೆ ಬಂದಿದೆ. ತೆಗೆಯುವುದಕ್ಕಿಂತ ಒಂಬತ್ತು ನಿಮಿಷ ಮುಂಚೆ.

ಮಂಗಳವಾರದ್ದು ನೋಡಿದಳು, ಬುಧವಾರದ್ದು ನೋಡಿದಳು. ಎಲ್ಲವೂ ತೆಗೆಯುವ ಮುಂಚೆಯೇ ಬಂದಿದ್ದವು.

ಸರ್ವರ್ ಅಪ್ಪಣೆಯನ್ನು ಒಂದು ಚೀಟಿಯಂತೆ ಕೊಡುತ್ತದೆ, ಅದರ ಮೇಲೆ ವೇಳೆ ಹಾಕಿರುತ್ತದೆ. ಕದ್ದ ಹಳೆಯ ಚೀಟಿ ತಂದು ಯಾರೂ ಒಳಗೆ ನುಗ್ಗಬಾರದೆಂದು ಆ ಉಪಾಯ. ಕೇಳಿದವರ ಗಡಿಯಾರಕ್ಕೂ ತನ್ನ ಗಡಿಯಾರಕ್ಕೂ ಐದು ನಿಮಿಷದೊಳಗಿನ ಅಂತರವಿದ್ದರೆ ಅದು ಸುಮ್ಮನಿರುತ್ತದೆ. ಐದು ದಾಟಿದರೆ ಒಳಗೆ ಬಿಡುವುದಿಲ್ಲ. ಈ ಕೆಲಸ ಕಲಿಯುವವರಿಗೆ ಮೊದಲನೆಯ ತಿಂಗಳಲ್ಲೇ ಹೇಳಿಕೊಡುವ ಸಂಗತಿ ಇದು.

ಜೇವರ್ಗಿಯ ಕೋರಿಕೆ ಸರ್ವರ್‌ಗೆ ತಲುಪಿತ್ತು. ದಾಖಲೆಯಲ್ಲಿ ಹನ್ನೊಂದು ಮೂವತ್ತೆರಡಕ್ಕೆ ಇದ್ದಿರಬೇಕು. ಅವಳು ಹನ್ನೊಂದು ನಲವತ್ತೆರಡಕ್ಕೆ ಹೋಗಿ ಹುಡುಕಿದ್ದಳು. ನಿಮಿಷ ಕೇಳದೆ ಉಡಾಫೆಯಿಂದ ಮೇಲಿಂದ ಕೆಳಗೆ ಓದಿದವರಿಗೆ ಐದು ನಿಮಿಷದಲ್ಲಿ ಸಿಗುತ್ತಿದ್ದುದು, ಜೋಪಾನದಿಂದ ನಿಮಿಷ ಕೇಳಿ ಹುಡುಕಿದವಳಿಗೆ ಐದು ದಿನ ಸಿಕ್ಕಿರಲಿಲ್ಲ. ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಹನ್ನೊಂದು ನಲವತ್ತೆರಡು ಎಂಬುದು ‘ನೋಡಿದ್ದು’ ಪುಟದಲ್ಲಿತ್ತು. ಅವಳು ನೋಡಿದ್ದು ಫೋಟೋ ಮಾತ್ರ. ವೇಳೆಯನ್ನು ಜೇವರ್ಗಿಯ ಯಂತ್ರ ಹೇಳಿತ್ತು, ಇವಳು ಕೇಳಿದ್ದಳು.

ಫೋನ್ ಹಚ್ಚಿದಳು.

“ಫರಹೀನ, ನಿನ್ನ ಮೊಬೈಲಿನಾಗ ಎಷ್ಟಾಗ್ಯದ?”

“ಮೂರು ಐವತ್ತು.”

“ಕಂಪ್ಯೂಟರಿನಾಗ?”

“ನಾಲ್ಕು.” ಒಂದು ಕ್ಷಣ ಬಿಟ್ಟು, “ಅದು ನಮ್ಮ ಆಫೀಸ್ ಟೈಮ್ರಿ ಅಕ್ಕಾ,” ಎಂದಳು, ಕೇಳುವಂಥದ್ದೇನೂ ಅದರಲ್ಲಿ ಇಲ್ಲವೆಂಬಂತೆ.

“ಅದನ್ನ ಹತ್ತು ನಿಮಿಷ ಹಿಂದಕ್ಕ ಹಾಕು.”

“ನನಗ ಬರಂಗಿಲ್ರಿ. ಪಾಸ್‌ವರ್ಡ್ ಕೇಳ್ತದ. ಅದು ಖಾದರ ಚಾಚಾನ ಬಲ್ಲಿ ಅದ, ನೀವು ಕೊಟ್ಟ ಲಕೋಟಿ. ಚಾಚಾ ಕೌಂಟರ್ ಬಿಟ್ಟು ಏಳಂಗಿಲ್ಲ, ಮಂದಿ ಭಾಳ ಅದ. ಗಡಿಯಾರದ ಸುದ್ದಿ ತೆಗದ್ರ ನನಗೇ ಒದರ್ತಾರ.”

ಲಕೋಟೆಯ ನೆನಪಾಗಿ ಮಹಾನಂದಾ ಕಣ್ಣು ಮುಚ್ಚಿದಳು. ತಾನಿಲ್ಲದಾಗ ತುರ್ತಿಗೆ ಇರಲಿ ಎಂದು ಪಾಸ್‌ವರ್ಡ್ ಬರೆದು, ಅಂಟಿಸಿ ಕೊಟ್ಟವಳು ಅವಳೇ. ಬಾಯಿಪಾಠವಾಗದಷ್ಟು ಉದ್ದನೆಯದು, ಅವಳ ಪ್ರತಿ ಆಳಂದದ ಕಪಾಟಿನಲ್ಲಿ ಉಳಿದಿತ್ತು. ಸೇತುವೆ ದಾಟುವಷ್ಟರಲ್ಲಿ ಸಿಗ್ನಲ್ ಹೋಯಿತು.

ಲ್ಯಾಬು ಮುಟ್ಟಿದಾಗ ಅವಳ ಫೋನಿನಲ್ಲಿ ನಾಲ್ಕು ಹದಿನೈದು. ಒಳಗೆ ಗೋಡೆಯ ಮೇಲೆ ನಾಲ್ಕು ಇಪ್ಪತ್ತೈದು. ಕೌಂಟರಿನ ಹಿಂದೆ ಖಾದರಸಾಬ ಕೂತಿದ್ದರು. ಅರವತ್ತಾರು ವರ್ಷ, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸು ಬಿಡುವ ಹೊತ್ತು ಕೂಗಿ ಕೂಗಿ ನಿವೃತ್ತರಾದವರು. ಈಗ ಜೇವರ್ಗಿ ಶಾಖೆಯ ಹಿರಿಯ. ಬಂದವರಿಗೆ ನಂಬರಿನ ಚೀಟಿ ಕೊಡುವುದು, ಹೆಸರು ಕರೆಯುವುದು, ಗದರುವುದು ಅವರ ಕೆಲಸ.

“ಬಾ ಬೇಟಿ. ಆಳಂದದಿಂದ ಸರ್ವರ್ ಹೊತ್ತಗೊಂಡೇ ಬಂದೀಯೋ ಹ್ಯಾಂಗ?”

“ಚಾಚಾ, ಕಂಪ್ಯೂಟರ್ ಗಡಿಯಾರ ಯಾರು ಮುಂದ ಮಾಡಿದ್ರು?”

“ನಾ.” ಅವರು ಮುಚ್ಚಿಡಲಿಲ್ಲ. ಮುಚ್ಚಿಡುವ ಸಂಗತಿ ಅಂತಲೇ ಅವರಿಗೆ ಅನ್ನಿಸಿರಲಿಲ್ಲ. “ಶನಿವಾರಕ್ಕೊಮ್ಮೆ ಎಲ್ಲಾ ಗಡಿಯಾರ ಹೊಂದಿಸ್ತೇನಿ. ಸ್ಟ್ಯಾಂಡಿನಾಗೂ ಮಾಡ್ತಿದ್ದೆ.”

“ಹತ್ತು ನಿಮಿಷ ಮುಂದ?”

“ಮೊದಲು ನಾಲ್ಕಿತ್ತು. ನೋಡು, ಇಲ್ಲಿ ಬರೂ ಮಂದಿ ಹಳ್ಳಿಯವ್ರು. ಐದೂ ಹದಿನೈದಕ್ಕ ನೆಲೋಗಿ ಬಸ್ಸು. ಅದು ತಪ್ಪಿದ್ರ ಮುದುಕರು ಮುದುಕ್ಯಾರು ಎಲ್ಲಿ ಹೋಗಬೇಕು? ಗಡಿಯಾರ ನೋಡಿ ಆರಾಮ ಕೂಡ್ತಾರ. ಅದಕ್ಕ ನಾಲ್ಕು ಮುಂದಿಟ್ಟೆ. ಒಂದು ವರ್ಷ ಚಂದ ನಡೀತು. ಆಮ್ಯಾಲ ಎಲ್ಲಾರಿಗೂ ಗೊತ್ತಾತು, ‘ಲ್ಯಾಬಿನ ಗಡಿಯಾರ ನಾಲ್ಕು ಮುಂದದ, ಕೂಡೋ ಇನ್ನ’ ಅನ್ನಾಕತ್ರು. ಗೊತ್ತಾದ ಮ್ಯಾಲ ಅದು ಮುಂದ ಹ್ಯಾಂಗಿದ್ದೀತು? ಹೋದ ಶನಿವಾರ ಸಂಜಿಮುಂದ ಹತ್ತು ಮಾಡಿದೆ.”

“ಗ್ವಾಡಿದು ಮಾಡ್ರಿ. ಕಂಪ್ಯೂಟರಿಂದು ಯಾಕ ಮುಟ್ಟಿದ್ರಿ?”

“ಚೀಟಿ ಮ್ಯಾಲ ಟೈಮ್ ಬರ್ತದಲ್ಲ ಅದರಾಗಿಂದ. ಗ್ವಾಡಿ ಮ್ಯಾಲ ಒಂದು, ಚೀಟಿ ಮ್ಯಾಲ ಒಂದು ಇದ್ರ ನನ್ನ ಕೊರಳಪಟ್ಟಿ ಹಿಡೀತಾರ.”

“ಅದು ತಾನೇ ಹಿಂದಕ್ಕ ಬರ್ತಿರಲಿಲ್ಲೇನು?”

“ಬರ್ತಿತ್ತು, ಹಲ್ಕಟ್! ನಾ ಮುಂದ ಮಾಡೂದು, ಅದು ಹಿಂದ ಬರೂದು. ಬಾಜೂ ಮೊಬೈಲ್ ಅಂಗಡಿ ಮುಸ್ತಕೀಮಗ ಕರದೆ. ಲಕೋಟಿಯಾಗಿಂದು ಹಾಕಿ, ಒಳಗ ಏನೋ ಒಂದು ಬಂದ್ ಮಾಡಿಕೊಟ್ಟ. ಆವತ್ತಿಂದ ಹೇಳಿದ ಮಾತು ಕೇಳ್ತದ.”

ಬಂದ್ ಮಾಡಿದ್ದು ಏನೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಸರ್ವರ್‌ನ ವೇಳೆ ಕೇಳಿ ತನ್ನ ಗಡಿಯಾರ ಸರಿಪಡಿಸಿಕೊಳ್ಳುವ ಸೇವೆಯೊಂದು ಪ್ರತಿ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನೇ ನಿಲ್ಲಿಸಿದ್ದರು. ನಿಲ್ಲಿಸಿ ವರ್ಷವಾಗಿತ್ತು. ನಾಲ್ಕು ನಿಮಿಷ ಇರುವತನ ಸರ್ವರ್ ತಡೆದುಕೊಂಡಿತ್ತು.

ಇನ್ನೊಂದು ಸಂಗತಿಯೂ ಅವಳಿಗೆ ಆಗ ನೆನಪಾಯಿತು. ಮಾರ್ಚಿನಲ್ಲಿ ಪ್ರಿಂಟರ್ ಜೋಡಿಸಲು ಬಂದಾಗ ಇದೇ ಪರದೆಯ ಮೂಲೆಯ ವೇಳೆಯನ್ನು ಅವಳು ನೋಡಿದ್ದಳು, ತನ್ನ ಫೋನಿನದ್ದನ್ನೂ ನೋಡಿದ್ದಳು. ನಾಲ್ಕು ಮುಂದೆ ಇದೆ ಎಂದು ಮನಸ್ಸಿನಲ್ಲೇ ಕಳೆದು, ಪ್ರಿಂಟರ್ ಕಡೆ ತಿರುಗಿದ್ದಳು. ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಮನೆಯ ಅಡುಗೆ ಕೋಣೆಯ ಗಡಿಯಾರವನ್ನು ಯಾರಾದರೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆಯೇ?

“ಚಾಚಾ, ಆ ಹತ್ತು ನಿಮಿಷದಿಂದಲೇ ಐದು ದಿನ ಫೋಲ್ಡರ್ ತೆರದಿಲ್ಲ.”

ಖಾದರಸಾಬ ನಕ್ಕರು. ಅವಳು ನಗಲಿಲ್ಲ. ಅವರು ಫರಹೀನಳ ಕಡೆ ನೋಡಿದರು. ಅವಳೂ ನಗಲಿಲ್ಲ.

“ಹತ್ತು ನಿಮಿಷಕ್ಕ?” ಎಂದರು ಅವರು. “ಬೇಟಿ, ಹತ್ತು ನಿಮಿಷಕ್ಕ ಈ ನಾಡಿನಾಗ ಯಾರು ಸಿಟ್ಟಾಗ್ತಾರ?”

“ಸರ್ವರ್ ಈ ನಾಡಿಂದಲ್ರಿ. ಐದರ ಮ್ಯಾಲ ತಡಕೋಳಂಗಿಲ್ಲ. ಲಕೋಟಿ ಕೊಡ್ರಿ. ಐದರೊಳಗ ಚಾಲೂ ಆಗ್ಲಿಲ್ಲಂದ್ರ ನನ್ನ ಕೆಲಸ ಹೋಗ್ತದ.”

ಅವರು ತಕ್ಷಣ ಕೊಡಲಿಲ್ಲ. ಸಾಲಿನಲ್ಲಿ ಇನ್ನೂ ಏಳು ಜನ ಇದ್ದರು. ಕೈಬರಹದ ರಿಪೋರ್ಟ್ ಕೊಡುತ್ತ, ಒಬ್ಬೊಬ್ಬರನ್ನೇ “ನಡೀರಿ ನಡೀರಿ, ಬಸ್ಸಿಗಿ ಹೊತ್ತಾತು” ಎಂದು ಎಬ್ಬಿಸುತ್ತ ಮುಗಿಸಿದರು. ಮಹಾನಂದಾ ನಿಂತು ನೋಡಿದಳು. ಏಳನೆಯವಳು ಹೊರಗೆ ಹೋದಾಗ ಫೋನಿನಲ್ಲಿ ನಾಲ್ಕು ಮೂವತ್ನಾಲ್ಕು. ಖಾದರಸಾಬ ಡ್ರಾವರಿನ ಕೀಲಿ ತೆಗೆದು ಲಕೋಟೆ ಕೊಟ್ಟರು. ಕೊಡುವಾಗ ಮೆಲ್ಲಗೆ ಕೇಳಿದರು.

“ನನ್ನ ಹೆಸರು ಬರೀತೀಯೇನು?”

“ನೋಡಿದ್ದು ಬರೀತೇನಿ ಚಾಚಾ.”

“ಅರವತ್ತಾರಕ್ಕ ನನಗ ಯಾರು ಕೆಲಸ ಕೊಡ್ತಾರವ್ವ,” ಎಂದು ಅವರು ಬೇರೆ ಯಾರಿಗೋ ಹೇಳಿದಂತೆ ಹೇಳಿ, ಎರಡು ಪೆನ್ನುಗಳನ್ನು ಕಿಸೆಯಲ್ಲಿ ನೆಟ್ಟಗೆ ಮಾಡಿಕೊಂಡರು.

ಮೊದಲನೆಯ ಕಂಪ್ಯೂಟರ್. ನಿಂತ ಸೇವೆಯನ್ನು ಚಾಲೂ ಮಾಡಿದಳು, ಮುಂದೆ ತಾನಾಗಿಯೇ ಚಾಲೂ ಆಗುವಂತೆ ಇಟ್ಟಳು, ಸರ್ವರ್‌ನ ವೇಳೆ ಕೇಳು ಎಂದು ಅಪ್ಪಣೆ ಕೊಟ್ಟಳು. ಮೂಲೆಯಲ್ಲಿ 4:48 ಇದ್ದುದು 4:38 ಆಯಿತು. ಆಫ್ ಮಾಡಿ ಆನ್ ಮಾಡಿದಳು. ಹಳೆಯ ಯಂತ್ರ, ಏಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಫರಹೀನ ಪಾಸ್‌ವರ್ಡ್ ಹೊಡೆದಳು. ಫೋಲ್ಡರ್ ಮೇಲೆ ಒತ್ತಿದಳು.

ತೆರೆಯಿತು.

“ಅಯ್ಯ!” ಎಂದಳು ಫರಹೀನ. “ಅತ್ತಿಗಿ ಬಾಯಿ ಮುಚ್ಚಿದ್ಳು.”

ಎರಡನೆಯದು ನಾಲ್ಕು ನಲವತ್ತೇಳಕ್ಕೆ, ಮೂರನೆಯದು ನಾಲ್ಕು ಐವತ್ನಾಲ್ಕಕ್ಕೆ ತೆರೆದವು. ಮಹಾನಂದಾ ಅಲ್ಲಿಂದಲೇ ಸರ್ವರ್‌ನ ದಾಖಲೆ ತೆಗೆದು ಸೋಮವಾರಕ್ಕೆ ಹೋದಳು. ಹನ್ನೊಂದು ಮೂವತ್ತೆರಡು. ಜೇವರ್ಗಿಯ ಹೆಸರಿನ ಮೂರು ಸಾಲು ಒಂದರ ಕೆಳಗೊಂದು ನಿಂತಿದ್ದವು, ಕಾರಣದ ಸಮೇತ: ವೇಳೆ ಹೊಂದುತ್ತಿಲ್ಲ. ಐದು ದಿನದಿಂದ ಅಲ್ಲೇ ಇದ್ದವು. ಅದನ್ನು ನೋಟ್‌ಬುಕ್ಕಿನ ಬಲಗಡೆ ಪುಟದಲ್ಲಿ ಬರೆದುಕೊಂಡು ಆಳಂದಕ್ಕೆ ಫೋನ್ ಮಾಡಿದಳು.

“ಸರ್, ಜೇವರ್ಗಿ ಚಾಲೂ ಆತ್ರಿ. ಮೂರೂ ತೆರದಾವ.”

ಆ ಕಡೆ ಶಿವಪ್ರಕಾಶ ಕುರ್ಚಿ ಎಳೆದುಕೊಂಡ ಸದ್ದಾಯಿತು.

“ತಡಾ ಆತಲ್ರಿ ಮೇಡಂ. ಐದರತನ ಹಾದಿ ನೋಡಿದೆ. ಐದಾತು, ಅವ್ರಿಗಿ ಬರ್ರಿ ಅಂತ ಮೆಸೇಜ್ ಹಾಕಿಬಿಟ್ಟೆ. ಈಗ ಐದಾಗಿ ನಾಲ್ಕು ನಿಮಿಷ.”

ತಪ್ಪಾತ್ರಿ ಸರ್ ಎಂಬ ಮಾತು ನಾಲಿಗೆಯ ತುದಿವರೆಗೆ ಬಂತು. ಅಲ್ಲಿಯೇ ಅವಳು ಅದನ್ನು ತಡೆದಳು. ಬುಧವಾರದ ಹತ್ತಾಗಿ ಐದು ನಿಮಿಷ ಅವಳ ಕಣ್ಣ ಮುಂದೆ ಬಂತು. ಆ ದಿನ ತಾನು ಹೊತ್ತಿಗೆ ಮುಂಚೆ ಹೋಗಿದ್ದೆನೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪಾಯಿತು ಎಂದಿದ್ದಳು.

“ಸರ್, ನೀವು ಯಾವ ಗಡಿಯಾರ ನೋಡಾಕತ್ತೀರಿ?”

“ಯಾವುದಂದ್ರ? ಗ್ವಾಡಿ ಮ್ಯಾಲಿಂದು.”

“ಒಂದು ಮಿನಿಟ್ ಫೋನ್ ಕಿವಿಯಿಂದ ತೆಗದು ನೋಡ್ರಿ. ಎಷ್ಟಾಗ್ಯದ?”

ಆಳಂದದ ಕಡೆಯಿಂದ ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

“ನಾಲ್ಕು ಐವತ್ತೇಳು,” ಎಂದರು ಶಿವಪ್ರಕಾಶ.

“ಮೆಸೇಜ್ ಎಷ್ಟಕ್ಕ ಹೋಗ್ಯದ ಅಂತ ಅದರ ಕೆಳಗೇ ಬರದಿರ್ತದ್ರಿ.”

ಇನ್ನೂ ಸ್ವಲ್ಪ ಹೊತ್ತು ಫ್ಯಾನು.

“ನಾಲ್ಕು ಐವತ್ಮೂರು. …ಆ ಗಡಿಯಾರ ನಾನೇ ಏಳು ಮುಂದಿಟ್ಟೀನ್ರಿ. ಸ್ಟಾಫಿನವ್ರು ಲಗೂ ಬರ್ಲಿ ಅಂತ. ಈಗ ನನಗೇ ನೆನಪು ಉಳಿದಿಲ್ಲ.”

ಮಹಾನಂದಾ ಆ ಏಳನ್ನು ಬಲಗಡೆ ಪುಟದಲ್ಲಿ ಬರೆದುಕೊಂಡಳು.

“ಇರ್ರಿ, ನಾನೇ ಫೋನ್ ಮಾಡ್ತೇನಿ,” ಎಂದು ಅವರು ಇಟ್ಟರು.

ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಖಾದರಸಾಬ ಗೋಡೆಯ ಕೆಳಗೆ ಸ್ಟೂಲ್ ಹಾಕಿಕೊಂಡು ನಿಂತಿದ್ದರು. ಗಡಿಯಾರ ಇಳಿಸಲು ಕೈ ಎತ್ತಿದ್ದರು.

“ಅದು ಇರ್ಲಿ ಬಿಡ್ರಿ ಚಾಚಾ,” ಎಂದಳು ಅವಳು. “ಗ್ವಾಡಿ ನಿಮ್ಮದು. ಕಂಪ್ಯೂಟರ್ ಪೆಟಗಿ ನಂದು. ಚೀಟಿ ಮ್ಯಾಲ ಟೈಮ್ ಬರದಂಗ ಸೋಮವಾರ ಮಾಡಿಸ್ತೇನಿ, ಬರೇ ನಂಬರ್ ಬರ್ಲಿ. ಮುಸ್ತಕೀಮಗ ಮಾತ್ರ ಒಳಗ ಬಿಡಬ್ಯಾಡ್ರಿ.” ಲಕೋಟೆಯನ್ನು ಅವಳು ತನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ಸೋಮವಾರ ಆ ಪಾಸ್‌ವರ್ಡನ್ನೂ ಬದಲಿಸಬೇಕು.

ಖಾದರಸಾಬ ಸ್ಟೂಲಿನಿಂದ ಇಳಿದರು. ಗಡಿಯಾರ ನೋಡಿ, ಸ್ಟ್ಯಾಂಡಿನ ಮೂವತ್ತು ವರ್ಷದ ದನಿಯಲ್ಲಿ, ಖಾಲಿ ಕೋಣೆಯಲ್ಲಿ ಕೂಗಿದರು.

“ಐದೂ ಹದಿನೈದರ ಕಲಬುರಗಿ ಗಾಡೀ! ನಡಿ ಬೇಟಿ, ಹೊತ್ತಾತು!”

ಅವಳು ನಡೆದಳು. ಬಸ್ ಸ್ಟ್ಯಾಂಡ್ ಮುಟ್ಟಿದಾಗ ಕಲಬುರಗಿ ಬಸ್ಸೂ ನೆಲೋಗಿ ಬಸ್ಸೂ ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ನೆಲೋಗಿಯ ಮುದುಕಿಯರು ತಮ್ಮ ತಮ್ಮ ರಿಪೋರ್ಟ್ ಮಡಿಲಲ್ಲಿಟ್ಟುಕೊಂಡು ಆರಾಮವಾಗಿ ಕೂತಿದ್ದರು. ಒಬ್ಬರಿಗೂ ಬಸ್ಸು ತಪ್ಪಿರಲಿಲ್ಲ. ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಾಗ ಫೋನ್ ಬಂತು.

“ಅವ್ರಿಗಿ ಬ್ಯಾಡ ಅಂದೀನಿ,” ಎಂದರು ಶಿವಪ್ರಕಾಶ. “ನಿಮ್ಮ ವರ್ಷದ ಕಾಗದ ಸೋಮವಾರ ಸಹಿ ಮಾಡ್ತೇನಿ. ಆದ್ರ ಆ ರಿಪೋರ್ಟ್ ಬೇಕ್ರಿ. ಏನಾಗಿತ್ತು, ಯಾರಿಂದ ಆತು. ಹೆಸರ ಸಮೇತ. ಮಾಲಕರು ಕೇಳ್ತಾರ.”

“ಇವತ್ತೇ ಕಳಿಸ್ತೇನ್ರಿ.”

ಬಸ್ಸು ಬರುವವರೆಗೆ ಅವಳಿಗೆ ಹತ್ತು ನಿಮಿಷ ಪೂರಾ ಸಿಕ್ಕಿತು. ನೋಟ್‌ಬುಕ್ ತೊಡೆಯ ಮೇಲಿಟ್ಟು, ಒಂದೊಂದೇ ಮಾತು ತೂಗಿ ಬರೆದಳು.

‘ಜೇವರ್ಗಿ ಶಾಖೆಯ ಮೂರು ಕಂಪ್ಯೂಟರ್‌ಗಳ ವೇಳೆ ಸರ್ವರ್‌ಗಿಂತ ಹತ್ತು ನಿಮಿಷ ಮುಂದಿತ್ತು. ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸರ್ವರ್ ಒಳಗೆ ಬಿಡುವುದಿಲ್ಲ. ಗೋಡೆ ಗಡಿಯಾರಕ್ಕೆ ಹೊಂದಲೆಂದು ಶಾಖೆಯಲ್ಲಿ ವೇಳೆ ಬದಲಿಸಿದ್ದರು. ಅದಕ್ಕೆ ಬೇಕಾದ ಪಾಸ್‌ವರ್ಡ್ ಶಾಖೆಗೆ ಕೊಟ್ಟವಳು ಮಹಾನಂದಾ. ಮಾರ್ಚಿನಲ್ಲಿ ನಾಲ್ಕು ನಿಮಿಷದ ವ್ಯತ್ಯಾಸ ನೋಡಿ ಸುಮ್ಮನಾದವಳೂ ಅವಳೇ. ಭಾನುವಾರದ ಅಪ್‌ಡೇಟಿಗೂ ಇದಕ್ಕೂ ಸಂಬಂಧವಿಲ್ಲ. ಈಗ ಸರಿಯಾಗಿದೆ.’

ಹೆಸರು ಕೇಳಿದ್ದರು, ಹೆಸರು ಇತ್ತು. ಒಂದು ಸಲ ಓದಿದಳು. ಸುಳ್ಳು ಯಾವುದೂ ಇರಲಿಲ್ಲ. ಎರಡೂ ಬಸ್ಸು ಒಂದರ ಹಿಂದೊಂದು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದವು, ಮುದುಕಿಯರು ಎದ್ದರು. ಗಡಿಯಾರ ಮುಂದೆ ಇಟ್ಟವರ ಹೆಸರೂ ಬೇಕೆಂದು ಮಾಲಕರು ಹಟ ಹಿಡಿದಾರು ಎಂಬ ಅಂಜಿಕೆ ಬಂದು, ಅವಳು ನಿಂತುಕೊಂಡೇ ಕೆಳಗೆ ಇನ್ನೊಂದು ಸಾಲು ಸೇರಿಸಿದಳು.

‘ಪರಿಶೀಲನೆಯಲ್ಲಿ ಕಂಡ ಇನ್ನೊಂದು ಸಂಗತಿ: ಆಳಂದದ ಮ್ಯಾನೇಜರ್ ಕೋಣೆಯ ಗೋಡೆ ಗಡಿಯಾರ ಏಳು ನಿಮಿಷ ಮುಂದಿದೆ. ಅದರಿಂದ ಸರ್ವರ್‌ಗೆ ಯಾವ ತೊಂದರೆಯೂ ಇಲ್ಲ.’